ಕಾಣಿಸಿ ಕಲಿಸುವ ವಿದ್ಯೆ

ಅರುವತ್ತರ ವಯಸ್ಸಿನಲ್ಲಿ ನಾವು ಮರಳಿ ವಿದ್ಯಾರ್ಥಿಗಳಾದೆವು. ಕೃಷ್ಣಾತೀರದ ನಮ್ಮ ದೇವಸುಗೂರಿನಲ್ಲಿ, ಹಗಲೆಲ್ಲ ಅಂಗಡಿಯಲ್ಲಿ ದುಡಿಯುವ ನೆರೆಮನೆಯ ಹುಡುಗಿಯೊಬ್ಬಳು ನೌಕರಿಗಾಗಿ ಗಣಕಯಂತ್ರದ ಕನ್ನಡ ಬೆರಳಚ್ಚನ್ನು ಕಲಿಯಬಯಸಿದಳು. ಅವಳಿಗೆ ಬಿಡುವು ರಾತ್ರಿ ಮಾತ್ರ. ಆದುದರಿಂದ ಪಾಠವನ್ನೇ ಚಿತ್ರಧ್ವನಿಗಳೊಡನೆ ಸಿದ್ಧಪಡಿಸಿಕೊಡಲು ಸಂಕಲ್ಪಿಸಿ, ತೆರೆಯ ಮೇಲಿನ ಚಲನೆಯನ್ನೂ ನಮ್ಮ ಮಾತನ್ನೂ ಒಟ್ಟಿಗೆ ಹಿಡಿಯುವ ‘ಓಬಿಎಸ್ ಸ್ಟುಡಿಯೋ’ ಎಂಬ ಉಚಿತ ತಂತ್ರಾಂಶವನ್ನು ಅಭ್ಯಾಸಮಾಡಿದೆವು.

ಮೊದಲ ಪಾಠವು 25 ನಿಮಿಷಗಳಷ್ಟು ಬೆಳೆಯಿತು. “ಒತ್ತಕ್ಷರಕ್ಕೆ ಈ ಕೀಲಿಯನ್ನು ಒತ್ತು” ಎಂದಿದ್ದೆವು. ತೆರೆಯಲ್ಲಿ ಕೀಲಿಮಣೆಯೇ ಕಾಣದು! “ಯಾವ ಕೀಲಿರೀ, ಸರ?” ಎಂದಳು ಹುಡುಗಿ. ನಮ್ಮ ಬೋಧನೆಯ ಗರ್ವ ಅಲ್ಲಿಯೇ ಇಳಿಯಿತು.

ಮುಂಬಯಿಯ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಕನ್ನಡದಲ್ಲಿಯೂ ಉಂಟು. ಒಂದೊಂದು ಸುಮಾರು 10 ನಿಮಿಷದ್ದು. ಅವರು ಮೊದಲು ಬರೆಹವನ್ನು ಸಿದ್ಧಪಡಿಸುವರು: ಒಂದು ಅಂಕಣದಲ್ಲಿ ಕಾಣಿಸಬೇಕಾದುದು, ಇನ್ನೊಂದರಲ್ಲಿ ಹೇಳಬೇಕಾದುದು. ವಿಷಯವನ್ನರಿಯದವರಿಂದ ಅದನ್ನು ಪರೀಕ್ಷೆಮಾಡಿಸುವುದೂ ಅವರ ಪದ್ಧತಿ. ನಾವೂ ಹಾಗೆಯೇ ಬರೆದೆವು: “ನುಡಿ ವಿನ್ಯಾಸದಲ್ಲಿ ಎರಡು ವ್ಯಂಜನಗಳ ನಡುವೆ ‘ಎಫ್’ ಒತ್ತಬೇಕು.” ಸೂತ್ರಗಳನ್ನು ಬಾಯಿಪಾಠ ಮಾಡಿದ್ದ ನಮಗೆ ಮಿತಾಕ್ಷರದ ಬೆಲೆ ಈಗ ತಿಳಿಯಿತು, ಪಾಠವು 7 ನಿಮಿಷಕ್ಕಿಳಿಯಿತು.

ಕಳೆದ ವಾರ ಹುಡುಗಿಯು ತನ್ನ ಅರ್ಜಿಯನ್ನು ತಾನೇ ಬೆರಳಚ್ಚುಮಾಡಿ ತಂದು ತೋರಿಸಿದಳು. ಒತ್ತುಗಳೆಲ್ಲ ಸರಿಯಾಗಿದ್ದವು. ಇದಕ್ಕಿಂತ ಗುರುದಕ್ಷಿಣೆ ಬೇಕೆ, ವಾಚಕರೇ?