ಕಡಲ ಗಾಳಿ ಮತ್ತು ನಿಮ್ಮ ಹಟ್ಟಿ



ನಮ್ಮ ಕರಾವಳಿಯಲ್ಲಿ ಮಾರ್ಚ್‌ನಿಂದ ಮಳೆಗಾಲ ಹಿಡಿಯುವವರೆಗೆ ಹಾಲು ಇಳಿಯುವುದು ನಿಮಗೆಲ್ಲ ತಿಳಿದ ವಿಷಯ. ಹಸಿರು ಮೇವಿನ ಕೊರತೆ ಇದಕ್ಕೆ ಒಂದು ಕಾರಣ, ಸೆಕೆ ಇನ್ನೊಂದು. ಸೆಕೆಯನ್ನು ತಗ್ಗಿಸುವ ಗಾಳಿ ದಿನವೂ ಪುಕ್ಕಟೆಯಾಗಿ ಹಟ್ಟಿಯ ಹತ್ತಿರ ಬರುತ್ತದೆ. ಅನೇಕ ಕಡೆ ಗೋಡೆ ಅದನ್ನು ಹೊರಗೇ ತಡೆಯುತ್ತದೆ.

ಏಪ್ರಿಲ್ ಮಧ್ಯಾಹ್ನ ಕಡಲ ದಂಡೆಯ ಮರಳಿನ ಮೇಲೆ ಬರಿಗಾಲು ಇಡಲಾಗದು. ನಾಲ್ಕು ಹೆಜ್ಜೆ ಮುಂದಿನ ನೀರು ಮಾತ್ರ ಹಿತವಾಗಿಯೇ ಇರುತ್ತದೆ. ನೀರು ಬಿಸಿಯಾಗಲು ಅಷ್ಟೇ ತೂಕದ ಒಣ ಮಣ್ಣಿಗಿಂತ ಸುಮಾರು 4-5 ಪಟ್ಟು ಶಾಖ ಬೇಕು. ಅಲ್ಲದೆ ನೆಲದಲ್ಲಿ ಕಾಯುವುದು ಮೇಲಿನ ಪದರ ಮಾತ್ರ. ಕಡಲಿನಲ್ಲಿ ಅಲೆಗಳು ಬಿಸಿಯನ್ನು ಆಳಕ್ಕೂ ಬೆರೆಸುತ್ತವೆ. ಹೀಗೆ ಹಗಲು ನೆಲದ ಮೇಲಿನ ಗಾಳಿ ಕಾದು, ಹಗುರಾಗಿ ಮೇಲೇರುತ್ತದೆ. ಅದರ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ಪಡುವಣದಿಂದ, ಬೇಸಿಗೆಯಲ್ಲಿ ಹೆಚ್ಚಾಗಿ ವಾಯವ್ಯದಿಂದ, ನುಗ್ಗುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ 11ರ ಸುಮಾರಿಗೆ ಎದ್ದು, 2ರಿಂದ 4 ಗಂಟೆಯೊಳಗೆ ಬಲವಾಗಿ ಬೀಸುತ್ತದೆ. ಘಟ್ಟದ ಬುಡದ ಊರುಗಳಿಗೆ ಇದು ತಡವಾಗಿ ತಲುಪುತ್ತದೆ. ಕಾದ ಘಟ್ಟದ ಇಳಿಜಾರೂ ಗಾಳಿಯನ್ನು ಮೇಲಕ್ಕೆ ಸೆಳೆಯುತ್ತದೆ. ಮೇ ತಿಂಗಳ ಸಂಜೆ ಅಲ್ಲಿ ಗುಡುಗು ಮಳೆ ಬರಲು ಇದೂ ಒಂದು ಕಾರಣ.

ರಾತ್ರಿ ಇದು ತಿರುವುಮುರುವು. ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಉಳಿಯುತ್ತದೆ, ಗಾಳಿ ಮೂಡಣದಿಂದ ಕಡಲಿನತ್ತ ಹರಿಯುತ್ತದೆ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ನಸುಕಿನಲ್ಲಿ ಈ ಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಕಡಲ ಗಾಳಿಯಲ್ಲಿ ದಡ ಸೇರುತ್ತಿದ್ದರು.

ಈಗ ಹಸುವಿನ ವಿಷಯಕ್ಕೆ ಬರೋಣ. ಕರಾವಳಿಯ ಉಷ್ಣತೆ ಬಯಲುಸೀಮೆಗಿಂತ ಕಡಿಮೆಯೇ. ಕಷ್ಟ ಕೊಡುವುದು ತೇವ. ತೇವದ ಗಾಳಿ ನಿಂತಲ್ಲಿ ಬೆವರು ಆರುವುದಿಲ್ಲ, ಮೈಯ ಶಾಖ ಹೊರಹೋಗುವುದಿಲ್ಲ. ಎಚ್.ಎಫ್. ಮಿಶ್ರತಳಿಗೆ ಇದು ಹೆಚ್ಚು ಕಷ್ಟ. ಜರ್ಸಿ ತುಸು ತಾಳಿಕೊಳ್ಳುತ್ತದೆ. ಮಧ್ಯಾಹ್ನ ಹಸುವಿನ ಪಕ್ಕೆಯನ್ನು ನೋಡಿ ಒಂದು ನಿಮಿಷ ಉಸಿರು ಎಣಿಸಿ. 60 ದಾಟಿದರೆ ಅದು ಸೆಕೆಯಿಂದ ಬಳಲುತ್ತಿದೆ ಎಂದರ್ಥ. ಅಂಥ ಹಸು ಮೇವು ಬಿಡುತ್ತದೆ, ಬೆದೆ ಸರಿಯಾಗಿ ತೋರಿಸುವುದಿಲ್ಲ, ಗರ್ಭ ಕಟ್ಟುವುದೂ ಕಷ್ಟ. ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿಯೂ ನಿಲ್ಲಲಿಲ್ಲ ಎಂದು ಬರುವವರಿಗೆ ನಾನು ಮೊದಲು ಕೇಳುವುದೇ ಹಟ್ಟಿಯ ಪಡುಗೋಡೆ ಎಷ್ಟು ಎತ್ತರ ಎಂದು.

ಸಂಜೆ ಬಿಸಿಲಿಗೂ ಮಳೆಯ ಎರಚಲಿಗೂ ಹೆದರಿ ಪಡುಗೋಡೆಯನ್ನು ಮಾಡಿನವರೆಗೆ ಎಬ್ಬಿಸುವುದು ನಮ್ಮಲ್ಲಿ ರೂಢಿ. ಎರಚಲು ನಾಲ್ಕು ತಿಂಗಳಿನದು, ಗೋಡೆ ವರ್ಷವಿಡೀ ಇರುತ್ತದೆ! ಹಟ್ಟಿಯ ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ; ಆಗ ಸಂಜೆ ಬಿಸಿಲು ಬೀಳುವುದು ಕಿರಿದಾದ ಬದಿಗೆ ಮಾತ್ರ. ಪಡು ಮತ್ತು ಬಡಗು ಗೋಡೆ 3 ಅಡಿಗೆ ನಿಲ್ಲಲಿ, ಮೂಡಣ ಬದಿಯೂ ತೆರೆದಿರಲಿ. ಬಿಸಿಲಿಗೆ ಮಾಡಿನಂಚನ್ನು ಮುಂದಕ್ಕೆ ಚಾಚಿ, ಸಾಲದಿದ್ದರೆ ತೆಂಗಿನ ಮಡಲಿನ ಚಪ್ಪರ ಇಳಿಸಿ. ಮಳೆಗಾಲಕ್ಕೆ ತಟ್ಟಿ ಕಟ್ಟಿ, ಮಳೆ ನಿಂತ ಮೇಲೆ ಬಿಚ್ಚಿ.

ಮೈಗೆ ನೀರು ಹಾಕುವುದಕ್ಕೂ ಹೊತ್ತು ಉಂಟು. ಗಾಳಿಯಾಡದ ಹಟ್ಟಿಯಲ್ಲಿ ಎರಚಿದ ನೀರು ತೇವವನ್ನೇ ಹೆಚ್ಚಿಸುತ್ತದೆ. ಕಡಲ ಗಾಳಿ ಎದ್ದ ಮೇಲೆ, 12 ಗಂಟೆಗೊಮ್ಮೆ, 3 ಗಂಟೆಗೊಮ್ಮೆ ಮೈ ನೆನೆಸಿದರೆ ಆ ನೀರು ಆರುತ್ತಾ ಶಾಖವನ್ನು ಒಯ್ಯುತ್ತದೆ.

ಮುಸ್ಸಂಜೆ ಎರಡು ಗಾಳಿಗಳ ನಡುವೆ ಸ್ವಲ್ಪ ಹೊತ್ತು ಎಲೆಯೂ ಅಲುಗುವುದಿಲ್ಲ. ಸೊಳ್ಳೆ ಮುತ್ತುವುದು ಆಗಲೇ. ಆ ಹೊತ್ತಿನಲ್ಲಿ ಒಳಗೆ ಹೊಗೆ ಹಾಕಿದರೆ ಹಸುವಿನ ಉಸಿರಿಗೇ ತೊಂದರೆ. ಮೂಡಣ ಗಾಳಿ ಶುರುವಾದ ಮೇಲೆ, ಹಟ್ಟಿಯ ಹೊರಗೆ ಮೂಡು ಬದಿಯಲ್ಲಿ ಸ್ವಲ್ಪವೇ ಹಾಕಿ.

ಗುಡ್ಡ, ತೋಟ ಅಡ್ಡ ಬಂದಲ್ಲಿ ಗಾಳಿಯ ದಾರಿ ಬದಲಾಗುತ್ತದೆ. ಹೊಸ ಹಟ್ಟಿಗೆ ಪಾಯ ತೋಡುವ ಮೊದಲು ಆ ಜಾಗದಲ್ಲಿ ಮಧ್ಯಾಹ್ನ 2 ಗಂಟೆಗೆ ಮತ್ತು ನಸುಕಿನ 5ಕ್ಕೆ ಊದುಬತ್ತಿ ಹಚ್ಚಿ, ಹೊಗೆ ಯಾವ ಕಡೆ ಹೋಗುತ್ತದೆ ನೋಡಿ. ನಾಲ್ಕು ದಿನ ಹೀಗೆ ನೋಡಿದ ಮೇಲೆ ಮೇಸ್ತ್ರಿಯನ್ನು ಕರೆಯಿರಿ.