ಒಬ್ಬ ವಾಕರ್‌ಗೆ ಎಂಟು ಸರದಿ

ಎಮಿಟ್ ಸ್ಮಿತ್ ಚೆಂಡನ್ನು ಎದೆಗೆ ಅವುಚಿಕೊಂಡು ಓಡಿದ ಒಟ್ಟು ದೂರ 18,355 ಗಜ. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇಷ್ಟು ಓಡಿದವರು ಇನ್ನೊಬ್ಬರಿಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಇದು ಸುಮಾರು ಹದಿನಾರೂ ಮುಕ್ಕಾಲು. ಖಾಲಿ ರಸ್ತೆಯಲ್ಲಾದರೆ ಒಂದು ಬೆಳಗಿನ ಓಟ. ಸ್ಮಿತ್‌ಗೆ ಅದಕ್ಕೆ 15 ವರ್ಷ ಬೇಕಾಯಿತು, ಏಕೆಂದರೆ ಪ್ರತಿ ಸಲವೂ ಎದುರಿಗೆ ಹನ್ನೊಂದು ದೈತ್ಯರು ನಿಂತಿರುತ್ತಿದ್ದರು. 4,409 ಸಲ ಆ ಗೋಡೆಗೆ ನುಗ್ಗಿದರು. ಒಂದು ನುಗ್ಗಿಗೆ ದಕ್ಕಿದ್ದು ಸರಾಸರಿ 3.8 ಮೀಟರ್.

ಆ ಓಟದ ಬೇರು 1989ರ ಅಕ್ಟೋಬರ್ 12ರಂದು ಎರಡು ತಂಡಗಳು ಮಾಡಿಕೊಂಡ ಒಂದು ಒಪ್ಪಂದದಲ್ಲಿದೆ. ಅಂದು ಸ್ಮಿತ್ ಫ್ಲಾರಿಡಾ ವಿಶ್ವವಿದ್ಯಾಲಯದ ಮೂರನೇ ವರ್ಷದ ಹುಡುಗ. ಒಪ್ಪಂದದಲ್ಲಿ ಅವರ ಹೆಸರಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಮೂರನೇ ವರ್ಷದ ವಿದ್ಯಾರ್ಥಿಗಳಿಗೆ ಲೀಗ್ ಬಾಗಿಲು ತೆರೆದದ್ದೇ 1990ರಲ್ಲಿ.

ಐಪಿಎಲ್ ಹರಾಜು ನೋಡಿ ಅಭ್ಯಾಸವಾದ ನಮಗೆ ಎನ್‌ಎಫ್‌ಎಲ್‌ನ ವ್ಯವಸ್ಥೆ ಸ್ವಲ್ಪ ಬೇರೆ. ಅಲ್ಲಿ ಹೊಸ ಹುಡುಗರನ್ನು ಹರಾಜು ಕೂಗುವುದಿಲ್ಲ, ಸರದಿಯಂತೆ ಆರಿಸುತ್ತಾರೆ. ಅದೇ ಡ್ರಾಫ್ಟ್, 1936ರಿಂದ ನಡೆಯುತ್ತಿದೆ. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ, ಚಾಂಪಿಯನ್‌ಗೆ ಸುತ್ತಿನ ಕೊನೆಯದು. ಈಗ 32 ತಂಡ, ಏಳು ಸುತ್ತು. 2025ರಲ್ಲಿ ಒಟ್ಟು 257 ಆಯ್ಕೆಗಳಾದವು. ಈ ಸರದಿಯನ್ನು ಕೊಟ್ಟು ಬೆಳೆದುನಿಂತ ಆಟಗಾರನನ್ನು ಕೊಳ್ಳಬಹುದು. ಈ ವರ್ಷದ್ದನ್ನು ಮಾತ್ರವಲ್ಲ, ಮುಂದಿನ ವರ್ಷದ್ದನ್ನೂ ಅದರಾಚೆಯ ವರ್ಷದ್ದನ್ನೂ. ಬಿತ್ತನೆಗೆ ತೆಗೆದಿಟ್ಟ ಭತ್ತವನ್ನು ಕುಟ್ಟಿ ಇವತ್ತಿನ ಊಟಕ್ಕೆ ಇಟ್ಟಂತೆ.

1989ರ ಅಕ್ಟೋಬರ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ಆಡಿದ ಐದೂ ಪಂದ್ಯ ಸೋತಿತ್ತು. ಹೊಸ ಮಾಲೀಕ ಜೆರ್ರಿ ಜೋನ್ಸ್, ಕಾಲೇಜು ತಂಡದಿಂದ ಬಂದ ಹೊಸ ಕೋಚ್ ಜಿಮ್ಮಿ ಜಾನ್ಸನ್. ಬೆಲೆಬಾಳುವ ಆಟಗಾರನೆಂದರೆ ಒಬ್ಬನೇ, ಚೆಂಡು ಹಿಡಿದು ಓಡುವ 27 ವರ್ಷದ ರನ್ನಿಂಗ್ ಬ್ಯಾಕ್ ಹರ್ಷೆಲ್ ವಾಕರ್. ಹಿಂದಿನ ಋತುವಿನಲ್ಲಿ 1,514 ಗಜ ಓಡಿದ್ದವರು. ಅವರನ್ನೇ ಮಾರಿಬಿಡೋಣ ಎಂದರು ಜಾನ್ಸನ್. ಇತ್ತ ಮಿನ್ನೆಸೋಟ ವೈಕಿಂಗ್ಸ್‌ನ ಮ್ಯಾನೇಜರ್ ಮೈಕ್ ಲಿನ್‌ಗೆ, ಇವರೊಬ್ಬರು ಸಿಕ್ಕರೆ ಲೀಗಿನ ಫೈನಲ್ ಆದ ಸೂಪರ್ ಬೌಲ್ ನಮ್ಮದೇ ಎಂಬ ನಂಬಿಕೆ.

ವಾಕರ್‌ಗಾಗಿ ಡಲ್ಲಾಸ್ ಪಡೆದದ್ದು ಐದು ಆಟಗಾರರು, ಜೊತೆಗೆ ಮೂರು ವರ್ಷಗಳಿಗೆ ಹರಡಿಕೊಂಡ ಎಂಟು ಸರದಿ: ಮೊದಲ ಸುತ್ತಿನವು ಮೂರು, ಎರಡನೆಯದರವು ಮೂರು, ಮೂರನೆಯದರದ್ದು ಒಂದು, ಆರನೆಯದರದ್ದು ಒಂದು. ಅತ್ತಿತ್ತ ಓಡಾಡಿದ ಆಟಗಾರರನ್ನೂ ಸರದಿಗಳನ್ನೂ ಕೂಡಿಸಿದರೆ ಹದಿನೆಂಟು. ಸರದಿಗಳಲ್ಲಿ ಹೆಚ್ಚಿನವು ಒಂದು ಷರತ್ತಿಗೆ ಕಟ್ಟುಬಿದ್ದಿದ್ದವು. ಬಂದ ಆಟಗಾರನನ್ನು ಡಲ್ಲಾಸ್ 1990ರ ಫೆಬ್ರವರಿ 1ರ ಒಳಗೆ ಕೈಬಿಟ್ಟರೆ ಮಾತ್ರ ಅವನ ಹೆಸರಿಗೆ ಜೋಡಿಸಿದ ಸರದಿ ಸಿಗುತ್ತದೆ. ಇಂಥ ಒಳ್ಳೆಯ ಆಟಗಾರರನ್ನು ಯಾರು ಬಿಡುತ್ತಾರೆ ಎಂದು ಲಿನ್ ಭಾವಿಸಿದ್ದರು. ಜಾನ್ಸನ್‌ಗೆ ಬೇಕಾಗಿದ್ದದ್ದು ಸರದಿಗಳೇ, ಆಟಗಾರರಲ್ಲ. ಗಡುವು ಹತ್ತಿರವಾದಾಗ ಇವರನ್ನೆಲ್ಲ ಬಿಟ್ಟುಬಿಡುತ್ತೇನೆ ಎಂದರು. ಕೊನೆಗೆ ಕೆಳಗಿನ ಸುತ್ತುಗಳ ಕೆಲವು ಸರದಿಗಳನ್ನು ಲಿನ್‌ಗೆ ಕೊಟ್ಟು, ಮೂವರು ಆಟಗಾರರನ್ನೂ ಸರದಿಗಳನ್ನೂ ಎರಡನ್ನೂ ಉಳಿಸಿಕೊಂಡರು. ಆ ಷರತ್ತನ್ನು ನಾನು ಎಷ್ಟು ಸಲ ಓದಿದರೂ ಬೆರಗು ಇಳಿಯುವುದಿಲ್ಲ. ಒಂದೇ ಸಾಲನ್ನು ಇಬ್ಬರು ತದ್ವಿರುದ್ಧವಾಗಿ ಓದಿ, ಇಬ್ಬರೂ ಸಂತೋಷದಿಂದ ಸಹಿ ಹಾಕಿದ್ದರು.

ವಾಕರ್ ಬಗ್ಗೆ ಹಗುರವಾಗಿ ಮಾತಾಡುವುದು ನ್ಯಾಯವಲ್ಲ. ಒಪ್ಪಂದವಾದ ಮೂರನೇ ದಿನ, ಹೊಸ ತಂಡದ ಬೆರಳೆಣಿಕೆಯ ತಂತ್ರಗಳನ್ನಷ್ಟೇ ಕಲಿತು, ಗ್ರೀನ್ ಬೇ ವಿರುದ್ಧ ಇಳಿದರು. ಮೊದಲ ನುಗ್ಗಿನಲ್ಲೇ 47 ಗಜ. ಹಿಡಿಯಲು ಬಂದವನ ಕೈಯಿಂದ ಕಾಲು ಬಿಡಿಸಿಕೊಳ್ಳುವಾಗ ಒಂದು ಶೂ ಕಳಚಿತು, ಬರೀ ಕಾಲುಚೀಲದಲ್ಲೇ ಓಡಿದರು. ಆ ದಿನ ಒಟ್ಟು 148 ಗಜ. ಅಂಥ ದಿನಗಳು ಮತ್ತೆ ಹೆಚ್ಚು ಬರಲಿಲ್ಲ. ಮಿನ್ನೆಸೋಟದಲ್ಲಿ ಎರಡೂವರೆ ಋತು, ಎಲ್ಲ ಸೇರಿ 2,264 ಗಜ, ಅಂದರೆ ಎರಡು ಕಿಲೋಮೀಟರ್ ಚಿಲ್ಲರೆ. ಒಬ್ಬನ ಮೇಲೆ ಎಂಟು ಸರದಿಯ ಭಾರ ಹೊರಿಸಿದ್ದು ಅವರಲ್ಲ.

ಡಲ್ಲಾಸ್ ಆ ವರ್ಷ ಒಂದೇ ಪಂದ್ಯ ಗೆದ್ದು 15 ಸೋತಿತು. ಆಮೇಲೆ ಲೆಕ್ಕ ತಿರುಗಿತು. ಮಿನ್ನೆಸೋಟದಿಂದ ಬಂದ 1990ರ 21ನೇ ಸರದಿಯ ಜೊತೆ ಮೂರನೇ ಸುತ್ತಿನದೊಂದನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟು, 17ಕ್ಕೆ ಮೇಲೇರಿ, ಎಮಿಟ್ ಸ್ಮಿತ್‌ರನ್ನು ಆರಿಸಿದರು. 1992ರ ಎರಡನೇ ಸುತ್ತಿನ ಸರದಿಯಲ್ಲಿ ರಕ್ಷಣಾ ಆಟಗಾರ ಡ್ಯಾರೆನ್ ವುಡ್ಸನ್ ಬಂದರು. 1991ರ ಮೊಟ್ಟಮೊದಲ ಸರದಿ ಕೊಳ್ಳಲು ನ್ಯೂ ಇಂಗ್ಲೆಂಡ್‌ಗೆ ಕೊಟ್ಟ ಗಂಟಿನಲ್ಲಿ ವಾಕರ್ ಒಪ್ಪಂದದಲ್ಲಿ ಬಂದಿದ್ದ ಡೇವಿಡ್ ಹೊವಾರ್ಡ್ ಕೂಡ ಇದ್ದರು. ಒಂದು ಗೆಲುವಿನ ತಂಡ 1993ರ ಜನವರಿಯಲ್ಲಿ 52–17ರಿಂದ ಸೂಪರ್ ಬೌಲ್ ಗೆದ್ದಿತು. ಮರುವರ್ಷ ಇನ್ನೊಂದು, 1996ರಲ್ಲಿ ಮತ್ತೊಂದು.

ಈ ವ್ಯಾಪಾರಕ್ಕೆ ಒಂದು ತಕ್ಕಡಿಯನ್ನೂ ಡಲ್ಲಾಸ್‌ನವರೇ ಮಾಡಿದರು. ಜೋನ್ಸ್‌ರ ಪಾಲುದಾರ ಮೈಕ್ ಮೆಕಾಯ್ ಹಳೆಯ ವಿನಿಮಯಗಳನ್ನೆಲ್ಲ ಕೂಡಿ ಕಳೆದು, ಪ್ರತಿ ಸರದಿಗೂ ಅಂಕ ಕೊಟ್ಟು ಒಂದು ಪಟ್ಟಿ ಬರೆದರು. ಮೊದಲ ಸರದಿಗೆ 3,000. ಹದಿನಾರನೆಯದಕ್ಕೆ 1,000. ನೂರನೆಯದಕ್ಕೆ ಬರೀ 100. ನೂರನೇ ಸ್ಥಾನದ ಮೂವತ್ತು ಹುಡುಗರನ್ನು ಒಟ್ಟುಮಾಡಿದರೆ ಮೊದಲನೆಯವನೊಬ್ಬನಿಗೆ ಸಮ! 199ನೇ ಸರದಿಗೆ ಇಪ್ಪತ್ತು ಅಂಕವೂ ಇಲ್ಲ. 2000ನೇ ಇಸವಿಯಲ್ಲಿ ಆ 199ರಲ್ಲಿ ಬಂದ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದರು.

ಅದಕ್ಕಿಂತಲೂ ನನ್ನನ್ನು ಬೆಚ್ಚಿಬೀಳಿಸಿದ್ದು ಬಡ್ಡಿಯ ಲೆಕ್ಕ. ಕೇಡ್ ಮ್ಯಾಸಿ ಮತ್ತು ಮುಂದೆ ನೊಬೆಲ್ ಪಡೆದ ರಿಚರ್ಡ್ ಥೇಲರ್ ಈ ವಿನಿಮಯಗಳನ್ನು ಅಧ್ಯಯನ ಮಾಡಿದರು. ಈ ವರ್ಷ ಮೂರನೇ ಸುತ್ತಿನ ಸರದಿ ಬೇಕಿದ್ದರೆ ಮುಂದಿನ ವರ್ಷದ ಎರಡನೇ ಸುತ್ತಿನದನ್ನು ಕೊಡುವುದು ರೂಢಿ. ಅದನ್ನು ಬಡ್ಡಿಗೆ ಪರಿವರ್ತಿಸಿದರೆ ವರ್ಷಕ್ಕೆ ನೂರು ಪರ್ಸೆಂಟ್ ದಾಟುತ್ತದೆ. ಯಾವ ಲೇವಾದೇವಿಗಾರನೂ ಬಾಯಿಬಿಟ್ಟು ಕೇಳಲಾರದ ದರವನ್ನು ಕೋಟ್ಯಧೀಶ ಮಾಲೀಕರು ತಾವಾಗಿಯೇ ತೆರುತ್ತಾರೆ. ಈ ವರ್ಷ ಸೋತರೆ ಕೆಲಸ ಹೋಗುವ ಮ್ಯಾನೇಜರ್‌ಗೆ ಮೂರು ವರ್ಷದಾಚೆಯ ಸರದಿ ಕಣ್ಣಿಗೇ ಬೀಳುವುದಿಲ್ಲ ಎಂಬುದಲ್ಲದೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಕೊಟ್ಟ ತಂಡ ಸೋತಷ್ಟೂ ಕೊಟ್ಟ ಸರದಿ ದುಬಾರಿಯಾಗುತ್ತದೆ ಎಂಬುದು ಇನ್ನೊಂದು ಪೆಟ್ಟು. 2022ರಲ್ಲಿ ಡೆನ್ವರ್ ತಂಡ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ಗಾಗಿ ಸಿಯಾಟಲ್‌ಗೆ ಮೊದಲ ಸುತ್ತಿನ ಎರಡು, ಎರಡನೇ ಸುತ್ತಿನ ಎರಡು, ಐದನೆಯದರ ಒಂದು ಸರದಿ, ಮೇಲೆ ಮೂವರು ಆಟಗಾರರನ್ನು ಕೊಟ್ಟಿತು. ಆ ಋತುವಿನಲ್ಲಿ ಗೆದ್ದದ್ದು ಐದು, ಸೋತದ್ದು 12. ಹಾಗಾಗಿ ಸಿಯಾಟಲ್‌ಗೆ ದಕ್ಕಿದ್ದು ಮರುವರ್ಷದ ಇಡೀ ಡ್ರಾಫ್ಟಿನ ಐದನೇ ಸರದಿ. ಎರಡು ವರ್ಷಕ್ಕೇ ವಿಲ್ಸನ್‌ರನ್ನು ಕೈಬಿಟ್ಟಾಗ, ಆಡದ ಆಟಗಾರನ ಹೆಸರಿಗೆ ಡೆನ್ವರ್ ಲೆಕ್ಕದಲ್ಲಿ ಉಳಿದದ್ದು 8.5 ಕೋಟಿ ಡಾಲರ್.

ಅದೇ ಡ್ರಾಫ್ಟಿನ ಆರನೇ ಸರದಿಯೂ ಕೈ ಬದಲಿಸಿತ್ತು. ಲಾಸ್ ಏಂಜಲೀಸ್ ರ‍್ಯಾಮ್ಸ್ 2021ರಲ್ಲಿ ಮ್ಯಾಥ್ಯೂ ಸ್ಟಾಫರ್ಡ್‌ಗಾಗಿ ಡೆಟ್ರಾಯ್ಟ್ ಲಯನ್ಸ್‌ಗೆ ಮೊದಲ ಸುತ್ತಿನ ಎರಡು, ಮೂರನೆಯದರ ಒಂದು ಸರದಿಯನ್ನೂ ತನ್ನ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್‌ರನ್ನೂ ಕೊಟ್ಟಿತ್ತು. 2017ರಿಂದ 2023ರವರೆಗೆ ಏಳು ವರ್ಷ ಮೊದಲ ಸುತ್ತಿನಲ್ಲಿ ಒಬ್ಬನನ್ನೂ ಆರಿಸದ ತಂಡ ಅದು. ಅಷ್ಟೆಲ್ಲ ತೆತ್ತದ್ದು ಸಾರ್ಥಕವೂ ಆಯಿತು: ಸ್ಟಾಫರ್ಡ್ ಬಂದ ಮೊದಲ ಋತುವಿನಲ್ಲೇ, 2022ರ ಫೆಬ್ರವರಿಯಲ್ಲಿ, ಸೂಪರ್ ಬೌಲ್ ಗೆದ್ದರು. ಇಂಥ ವಿನಿಮಯವನ್ನೆಲ್ಲ ಮೂರ್ಖತನ ಎನ್ನುವವರ ಮಾತನ್ನು ಅದಕ್ಕೇ ನಾನು ಒಪ್ಪುವುದಿಲ್ಲ. ಮರುವರ್ಷ ರ‍್ಯಾಮ್ಸ್ ಕೂಡ 12 ಸೋತಿತು, ಆರನೇ ಸರದಿ ಡೆಟ್ರಾಯ್ಟ್‌ಗೆ ಹೋಯಿತು. ಡೆಟ್ರಾಯ್ಟ್ ಅದನ್ನು ಮುರಿಸಿ, ಹನ್ನೆರಡನೆಯದರಲ್ಲಿ ಜಮೀರ್ ಗಿಬ್ಸ್‌ರನ್ನು, ಮೂವತ್ತನಾಲ್ಕನೆಯದರಲ್ಲಿ ಸ್ಯಾಮ್ ಲಪೋರ್ಟಾರನ್ನು ತಂದಿತು. 2024ರ ಜನವರಿ 14ರಂದು ಪ್ಲೇಆಫ್‌ನಲ್ಲಿ ಎರಡೂ ತಂಡ ಎದುರುಬದುರಾದವು. ಅತ್ತ ಸ್ಟಾಫರ್ಡ್, ಇತ್ತ ಗಾಫ್. ಗಿಬ್ಸ್ ಒಂದು ಟಚ್‌ಡೌನ್, ಲಪೋರ್ಟಾ ಒಂದು. ಡೆಟ್ರಾಯ್ಟ್ 24, ರ‍್ಯಾಮ್ಸ್ 23. ಲಯನ್ಸ್ ಪ್ಲೇಆಫ್ ಪಂದ್ಯವೊಂದನ್ನು ಗೆದ್ದು ಅಂದಿಗೆ 32 ವರ್ಷವಾಗಿತ್ತು.