ಹಗುರ ಚಮಚದ ಸತ್ವಪರೀಕ್ಷೆ

ಹಂಪಿಯ ಅರಮನೆಗಳ ಪಾಳಿನ ನಡುವೆ, ಕಾಲುವೆಯೊಂದರ ಇಕ್ಕೆಲಗಳಲ್ಲಿ ಊಟದ ತಟ್ಟೆಗಳ ಸಾಲುಂಟು. ಅನ್ನಕ್ಕೆ ಅಗಲವಾದ ಕುಳಿ, ವ್ಯಂಜನಗಳಿಗೆ ಪುಟ್ಟ ಕುಳಿಗಳು, ಎಲ್ಲವೂ ಕಲ್ಲಿನವು. ಶತಮಾನಗಳ ಬಿಸಿಲು ಮಳೆಗಳನ್ನುಂಡರೂ ಅವು ಬಾಗಿಲ್ಲ, ಬಳುಕಿಲ್ಲ. ಸಮೀಪದ ಹೊಸಪೇಟೆಯ ಪಾತ್ರೆಯಂಗಡಿಯಲ್ಲಿ ಮಗಳ ಹೊಸ ಸಂಸಾರಕ್ಕೆಂದು ಚಮಚಗಳನ್ನು ಆರಿಸುವ ತಾಯಿಗೆ ಅಂಥ ಭರವಸೆ ಎಲ್ಲಿಯದು? ಒಂದೇ ಹೊಳಪು, ಒಂದೇ ಆಕಾರ. ಬೆಲೆ ಮಾತ್ರ ಬೇರೆ ಬೇರೆ. ಹಗುರವಾದುದೆಲ್ಲವೂ ಕೀಳೆ?

ಅಯಸ್ಕಾಂತಕ್ಕೆ ಅಂಟದಿದ್ದರೆ ಉತ್ತಮ ಉಕ್ಕು ಎಂಬುದು ಗೃಹಿಣಿಯರ ರೂಢಿಯ ನಂಬಿಕೆ. ಅದು ಅರ್ಧಸತ್ಯ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿಯು ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದನು. ಇಂದು ಶ್ರೇಷ್ಠವೆನಿಸಿದ ಪಾತ್ರೆಯ ಉಕ್ಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತವೆ. ನಿಕಲ್ ದುಬಾರಿಯಾದ್ದರಿಂದ, ಅದರ ಬಹುಭಾಗವನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುವುದೂ ಉಂಟು. ಸೊಂಡೂರಿನ ಬೆಟ್ಟಗಳಲ್ಲಿ ಶತಮಾನಕ್ಕೂ ಹೆಚ್ಚು ಕಾಲದಿಂದ ಅಗೆಯುತ್ತಿರುವ ಅದಿರುಗಳಲ್ಲಿ ಈ ಮ್ಯಾಂಗನೀಸ್‌ನದೂ ಒಂದು. ಇಂಥ ಉಕ್ಕೂ ಅಯಸ್ಕಾಂತಕ್ಕೆ ಸಾಮಾನ್ಯವಾಗಿ ಅಂಟದು! ಬಲದಲ್ಲಿ ಅದು ಕಡಿಮೆಯೇನಲ್ಲ. ಆದರೆ ಉಪ್ಪು ಹುಳಿಗಳ ಮುಂದೆ ಬೇಗ ಸೋಲುತ್ತದೆ.

ಹಾಗಾದರೆ ಬಲವನ್ನು ಅಳೆಯುವುದು ಹೇಗೆ? ದಪ್ಪದಿಂದ. ತಗಡಿನ ದಪ್ಪ ಅರ್ಧಕ್ಕಿಳಿದರೆ ಬಾಗದೆ ನಿಲ್ಲುವ ಬಿಗಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಕಂಪ್ಲಿಯ ಗದ್ದೆಗಳ ಅಕ್ಕಿಯ ಅನ್ನವನ್ನು ತಪ್ಪಲೆಯ ತಳದಿಂದ ಎತ್ತುವಾಗ ಸಟ್ಟುಗದ ಬಣ್ಣ ಬಯಲಾಗುವುದು ಅದರ ಕತ್ತಿನಲ್ಲಿಯೇ. ಆದ್ದರಿಂದ ಅಂಗಡಿಯವನ ಅನುಮತಿ ಪಡೆದು, ಚಮಚದ ಬಟ್ಟಲನ್ನು ಒಂದು ಕೈಯಲ್ಲಿ ಹಿಡಿದು, ಹಿಡಿಯ ತುದಿಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಬೇಕು. ಮೊದಲಿನಂತೆ ನೆಟ್ಟಗಾದರೆ ಸರಿ. ಬಾಗಿದಂತೆಯೇ ನಿಂತರೆ ಅದನ್ನು ಅಲ್ಲಿಯೇ ಬಿಡುವುದು ಲೇಸು. ಹಿಡಿಯ ಉದ್ದಕ್ಕೂ ಉಬ್ಬುಗೆರೆ ಇದ್ದರೆ ತೆಳು ತಗಡಿಗೂ ಬಿಗಿ ಬರುತ್ತದೆ. ಹಗುರವೂ ಗಟ್ಟಿಯೂ ಆದ ಚಮಚದ ಗುಟ್ಟು ಇದೇ.

ಅಲ್ಯೂಮಿನಿಯಂನ ತೂಕ ಉಕ್ಕಿನ ಸುಮಾರು ಮೂರನೆಯ ಒಂದು ಪಾಲು, ಬಿಗಿಯೂ ಅಷ್ಟೆ. ಆದ್ದರಿಂದ ಅದು ದಪ್ಪವಾಗಿರಬೇಕು. ಹುಣಿಸೆಯ ಗೊಜ್ಜಿನಲ್ಲಾಗಲಿ, ಉಪ್ಪಿನಕಾಯಿಯಲ್ಲಾಗಲಿ ಅದನ್ನು ಬಿಡಲಾಗದು.

ಡಜನ್ ಕೊಳ್ಳುವ ಮೊದಲು ಒಂದನ್ನು ಕೊಂಡು, ಉಪ್ಪು ಬೆರೆತ ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಿಟ್ಟು ನೋಡಬಹುದು. ಇದು ಪ್ರಯೋಗಾಲಯದ ತೀರ್ಪಲ್ಲವಾದರೂ ತೀರ ಕಳಪೆಯಾದುದು ಬೆಳಗಾಗುವುದರೊಳಗೆ ಚುಕ್ಕೆಗಳಿಂದ ತನ್ನನ್ನು ಒಪ್ಪಿಸಿಕೊಂಡೀತು. ಚುಕ್ಕೆ ಮೂಡಿದ ಚಮಚವೂ ಸಕ್ಕರೆಯ ಡಬ್ಬಿಗೆ ಸಲ್ಲುತ್ತದೆ. ಆದರೆ ಅದಕ್ಕೆ ಉಪ್ಪಿನಕಾಯಿ ಚಮಚದ ಬೆಲೆ ತೆರಬೇಕಾಗಿಲ್ಲ. ಹೊಳಪು ಅಂಗಡಿಯ ದೀಪದ್ದೂ ಆಗಿರಬಹುದು. ಬಿಗಿ ಮಾತ್ರ ಚಮಚದ್ದೇ.